ನಮ್ಮ ದುಡ್ಡು, ಅವರ ಗುಟ್ಟು



ಪೋಸ್ಟ್ ಉದ್ದ ಇದೆ. ಬಿಡುವಾದಾಗ ಓದಿ, ಆದರೆ ಓದದೆ ಬಿಡಬೇಡಿ. ಯಾಕಂದ್ರೆ ಇಲ್ಲಿ ಹೇಳ್ತಿರೋದು ನಿಮ್ಮ ಮನೆಯಲ್ಲೋ, ಪಕ್ಕದ ಮನೆಯಲ್ಲೋ ಒಬ್ಬರಿಗಾದರೂ ಆಗಿರುತ್ತೆ. ಅವರಿಗೆ ಇನ್ನೂ ಗೊತ್ತಾಗಿರಲ್ಲ, ಅಷ್ಟೇ.

ನಮ್ಮ ಚಿಕ್ಕಮ್ಮನ ವಿಷಯದಿಂದ ಶುರು ಮಾಡ್ತೀನಿ. ಕೃಷ್ಣರಾಜಪುರದಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ ಇದ್ದಾರೆ. ವಯಸ್ಸು 56. ವೈಟ್‌ಫೀಲ್ಡ್ ಕಡೆಯ ಒಂದು ಟೆಕ್ ಪಾರ್ಕಿನಲ್ಲಿ ಹೌಸ್‌ಕೀಪಿಂಗ್ ಕೆಲಸ ಮಾಡಿದವರು. 2012ರಿಂದ 2023ರವರೆಗೆ, 11 ವರ್ಷ. ಬೆಳಗ್ಗೆ ಐದೂವರೆಗೆ ತೂಗು ಸೇತುವೆ ಕೆಳಗೆ ಬಸ್ಸು ಹಿಡಿದು ಹೋಗಿ, ಆರೂವರೆಗೆಲ್ಲ ನಾಲ್ಕನೇ ಮಹಡಿಯ ಶೌಚಾಲಯ ತೊಳೆದಿಡಬೇಕು. ಈ ಹನ್ನೊಂದು ವರ್ಷದಲ್ಲಿ ಗುತ್ತಿಗೆ ಏಜೆನ್ಸಿ ಮೂರು ಸಲ ಬದಲಾಯ್ತು. ಸೀರೆ ಬಣ್ಣ ಮೂರು ಸಲ ಬದಲಾಯ್ತು. ಬದಲಾಗದೇ ಇದ್ದದ್ದು ಎರಡೇ. ತೊಳೆಯೋ ಕೆಲಸ, ಆಮೇಲೆ ಪ್ರತಿ ತಿಂಗಳ ಸಂಬಳದ ಚೀಟಿಯಲ್ಲಿ 'ಪಿಎಫ್ ಕಡಿತ' ಅನ್ನೋ ಸಾಲು.

ಕೆಲಸ ಬಿಟ್ಟ ಮೇಲೆ ಪಿಎಫ್ ದುಡ್ಡು ತೆಗೆಯೋಣ ಅಂತ ಹೋದಾಗ ನೋಡಿದ್ರೆ, ಅವರ ಖಾತೆಗೆ ಲಿಂಕ್ ಆಗಿದ್ದ ಮೊಬೈಲ್ ನಂಬರ್ ಅವರದ್ದಲ್ಲ, ಯಾವುದೋ ಕಾಲದ ಸೂಪರ್‌ವೈಸರ್‌ದು. ಅದನ್ನ ಸರಿಪಡಿಸೋಕೇ ನಾಲ್ಕು ತಿಂಗಳು ಹೋಯ್ತು. ಕೊನೆಗೆ ಪಾಸ್‌ಬುಕ್ ಸಿಕ್ತು. ದುಡಿದದ್ದು 132 ತಿಂಗಳು, ಪಾಸ್‌ಬುಕ್ಕಿನಲ್ಲಿ ಇರೋದು 58 ತಿಂಗಳು. ಉಳಿದ 74 ತಿಂಗಳು ಎಲ್ಲಿ?

ತಿಂಗಳಿಗೆ ಸರಾಸರಿ ಸಾವಿರ ರೂಪಾಯಿ ಕಡಿತ ಅಂತ ಇಟ್ಟುಕೊಂಡ್ರೂ ಅವರ ಸಂಬಳದಿಂದ ಕಿತ್ತದ್ದೇ 74 ಸಾವಿರ. ಮಾಲೀಕನ ಪಾಲು ಇನ್ನೊಂದು 74 ಸಾವಿರ. ಬಡ್ಡಿ ಬೇರೆ. ಆದರೆ ನಿಜವಾದ ಹೊಡೆತ ಅದಲ್ಲ. 1995ರ ನೌಕರರ ಪಿಂಚಣಿ ಯೋಜನೆಯಲ್ಲಿ ತಿಂಗಳ ಪಿಂಚಣಿ ಬರಬೇಕು ಅಂದ್ರೆ 10 ವರ್ಷದ ಸೇವೆ ಬೇಕು. ಚಿಕ್ಕಮ್ಮ ಮಾಡಿದ್ದು 11 ವರ್ಷ, ಕಡತದಲ್ಲಿ ಇರೋದು ಐದು ವರ್ಷಕ್ಕೂ ಎರಡು ತಿಂಗಳು ಕಡಿಮೆ. ಕನಿಷ್ಠ ಪಿಂಚಣಿ ತಿಂಗಳಿಗೆ ಒಂದು ಸಾವಿರ ರೂಪಾಯಿ ಅಂತ 2014ರಲ್ಲಿ ಮಾಡಿದ್ರು, ಇವತ್ತಿಗೂ ಅದೇ ಸಾವಿರ. ಆ ಸಾವಿರಕ್ಕೂ ಈ ಕಡತ ಅಡ್ಡ ನಿಂತಿದೆ.

ಏಜೆನ್ಸಿ ಹೆಸರು, ಟೆಕ್ ಪಾರ್ಕಿನ ಹೆಸರು, ಯಾವ ಪಿಎಫ್ ಕಚೇರಿ ಅನ್ನೋದು ಇಲ್ಲಿ ಬರೆಯಲ್ಲ. ಊರಲ್ಲಿ ಪಿಎಫ್ ಕಚೇರಿ ಒಂದೇ ಇಲ್ಲ. ಹೆಸರು ಬರೆದ್ರೆ ಒಬ್ಬ ಗುಮಾಸ್ತನ ಮೇಲೆ ಎಲ್ಲ ಬೀಳುತ್ತೆ, ಪದ್ಧತಿ ಹಾಗೇ ಉಳಿಯುತ್ತೆ. ನನ್ನ ಜಗಳ ಪದ್ಧತಿ ಜೊತೆ.

2025ರ ಆಗಸ್ಟ್‌ನಲ್ಲಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಹತ್ತು ರೂಪಾಯಿ ಶುಲ್ಕ, ಆರು ಪ್ರಶ್ನೆ. ಯಾರ ಆಧಾರ್ ನಂಬರೂ ಕೇಳಲಿಲ್ಲ, ಯಾರ ಸಂಬಳವೂ ಕೇಳಲಿಲ್ಲ. ಈ ಏಜೆನ್ಸಿ ಯಾವ ಯಾವ ತಿಂಗಳು ಎಷ್ಟು ಜನಕ್ಕೆ ಪಿಎಫ್ ಕಟ್ಟಿದೆ, ಬಾಕಿ ಇದೆಯಾ, ಇದ್ದರೆ 7ಎ ವಿಚಾರಣೆ ಶುರುವಾಗಿದೆಯಾ, ದಂಡ ಹಾಕಿದ್ದೀರಾ, ವಸೂಲಿ ಎಷ್ಟು, ತಪಾಸಣೆ ವರದಿಯ ಪ್ರತಿ ಕೊಡ್ತೀರಾ. ಇಷ್ಟೇ.

29ನೇ ದಿನಕ್ಕೆ ಒಂದು ಹಾಳೆಯ ಉತ್ತರ ಬಂತು. ಕೇಳಿದ್ದು ಮೂರನೇ ವ್ಯಕ್ತಿಯ ಮಾಹಿತಿ, ವ್ಯಾಪಾರದ ಗೌಪ್ಯತೆಗೆ ಸೇರಿದ್ದು, ವೈಯಕ್ತಿಕ ಸ್ವರೂಪದ್ದು, ವಿಶಾಲ ಸಾರ್ವಜನಿಕ ಹಿತಾಸಕ್ತಿ ಕಂಡುಬರುವುದಿಲ್ಲ, ಆದ್ದರಿಂದ ಸೆಕ್ಷನ್ 8(1)(ಡಿ) ಮತ್ತು 8(1)(ಜೆ) ಅಡಿ ನಿರಾಕರಿಸಲಾಗಿದೆ. ಅಕ್ಟೋಬರ್‌ನಲ್ಲಿ ಮೊದಲ ಮೇಲ್ಮನವಿ ಹಾಕಿದೆ. ಡಿಸೆಂಬರ್ ಮೊದಲ ವಾರ ಆದೇಶ ಬಂತು. ಅದರಲ್ಲಿ ಎರಡು ಬದಲಾವಣೆ ಇತ್ತು. ಒಂದು, 'ವೈಯಕ್ತಿಕ ಮಾಹಿತಿ' ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ರು. ಸಾರ್ವಜನಿಕ ಹಿತಾಸಕ್ತಿ ಇದೆಯೋ ಇಲ್ಲವೋ ಅಂತ ಸುಳ್ಳಿಗಾದರೂ ಬರೆಯೋ ಕಷ್ಟವನ್ನೂ ಈ ಸಲ ತಗೊಳ್ಳಲಿಲ್ಲ. ಎರಡು, ಹೊಸದಾಗಿ 8(1)(ಎಚ್) ಸೇರಿಸಿದ್ರು. ವಿಚಾರಣೆ ನಡೀತಿದೆ, ಮಾಹಿತಿ ಕೊಟ್ಟರೆ ಅದಕ್ಕೆ ಅಡ್ಡಿಯಾಗುತ್ತೆ ಅಂತ.

ವಿಚಾರಣೆ ನಡೀತಿದೆ ಅಂತ ನಮಗೆ ಗೊತ್ತಾಗಿದ್ದೇ ಆ ನಿರಾಕರಣೆ ಪತ್ರದಿಂದ ಕಣ್ರೀ! ಯಾರ ದುಡ್ಡು ಹೋಗಿದೆಯೋ ಅವರನ್ನ ಕರೆದಿಲ್ಲ, ಕೇಳಿಲ್ಲ, ಒಂದು ನೋಟಿಸ್ ಕೊಟ್ಟಿಲ್ಲ. ಚಿಕ್ಕಮ್ಮನ ಟ್ರಂಕಿನಲ್ಲಿ 19 ಸಂಬಳದ ಚೀಟಿ ಇವೆ. ಕರೆದಿದ್ರೆ ತಗೊಂಡು ಹೋಗಿ ಮೇಜಿನ ಮೇಲೆ ಇಡ್ತಿದ್ರು.

ಸೆಪ್ಟೆಂಬರ್ ಉತ್ತರಕ್ಕೂ ಡಿಸೆಂಬರ್ ಆದೇಶಕ್ಕೂ ಮಧ್ಯೆ ಏನಾಯ್ತು ಅಂತ ಈಗ ಹೇಳ್ತೀನಿ. ಇದು ನಮ್ಮ ಚಿಕ್ಕಮ್ಮನ ವಿಷಯ ಮಾತ್ರ ಅಲ್ಲ.

2025ರ ನವೆಂಬರ್ 14ರಂದು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರ ಸೆಕ್ಷನ್ 44(3) ಜಾರಿಗೆ ಬಂತು. ಆ ಕಾಯ್ದೆಯ ಬೇರೆ ಭಾಗಗಳಿಗೆ, ಅಂದ್ರೆ ಕಂಪನಿಗಳು ನಮ್ಮ ಮಾಹಿತಿಯನ್ನ ಹೇಗೆ ಇಟ್ಟುಕೊಳ್ಳಬೇಕು ಅನ್ನೋ ಮುಖ್ಯ ಹೊಣೆಗಳಿಗೆ, 18 ತಿಂಗಳ ಕಾಲಾವಕಾಶ ಕೊಟ್ಟಿದ್ದಾರೆ. ಮಾಹಿತಿ ಹಕ್ಕನ್ನ ಕತ್ತರಿಸೋ ಭಾಗಕ್ಕೆ ಒಂದು ದಿನದ ಅವಕಾಶವೂ ಇಲ್ಲ, ಅವತ್ತೇ ಜಾರಿ. ಇದೊಂದರಲ್ಲೇ ಯಾರ ಅವಸರ ಯಾವುದು ಅಂತ ತಿಳಿಯುತ್ತೆ.

ಮೊದಲು 8(1)(ಜೆ) ಹೇಗಿತ್ತು? ವೈಯಕ್ತಿಕ ಮಾಹಿತಿಯನ್ನ ನಿರಾಕರಿಸಬಹುದು, ಆದರೆ ಯಾವಾಗ? ಅದಕ್ಕೆ ಸಾರ್ವಜನಿಕ ಚಟುವಟಿಕೆ ಜೊತೆ ಸಂಬಂಧ ಇಲ್ಲದಿದ್ದಾಗ, ಅಥವಾ ಕೊಟ್ಟರೆ ಅನಗತ್ಯವಾಗಿ ಖಾಸಗಿತನಕ್ಕೆ ಧಕ್ಕೆ ಬರುವಾಗ. ಹಾಗಿದ್ದರೂ ವಿಶಾಲ ಸಾರ್ವಜನಿಕ ಹಿತಾಸಕ್ತಿ ಇದ್ದರೆ ಅಧಿಕಾರಿ ಕೊಡಬೇಕು. ಇದರ ಜೊತೆ ಒಂದು ಚಿನ್ನದಂಥ ಮಾತಿತ್ತು. ಸಂಸತ್ತಿಗೆ, ವಿಧಾನಮಂಡಲಕ್ಕೆ ನಿರಾಕರಿಸಲಾಗದ ಮಾಹಿತಿಯನ್ನ ಯಾವ ಪ್ರಜೆಗೂ ನಿರಾಕರಿಸುವಂತಿಲ್ಲ ಅಂತ. ಅಂದ್ರೆ ಕೆ.ಆರ್.ಪುರದ ಕಸ ಗುಡಿಸೋ ಹೆಣ್ಣುಮಗಳೂ ಎಂಪಿಯೂ ಒಂದೇ ತಕ್ಕಡಿಯಲ್ಲಿ. ಬಾಬಾಸಾಹೇಬರು ಸಂವಿಧಾನದಲ್ಲಿ ಬರೆದ ಒಂದು ವೋಟು, ಒಂದು ಬೆಲೆ ಅನ್ನೋದರ ತಮ್ಮನಂಥ ಮಾತು ಅದು.

ಈಗ ಅದೆಲ್ಲ ಹೋಯ್ತು. ಉಳಿದಿರೋದು ನಾಲ್ಕೈದು ಪದ ಮಾತ್ರ: ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ್ದಾದರೆ ಕೊಡಬೇಕಿಲ್ಲ. ಮುಗೀತು.

ಸರ್ಕಾರದ ವಾದ ಏನು? 8(2) ಹಾಗೇ ಇದೆಯಲ್ಲ, ಸಾರ್ವಜನಿಕ ಹಿತಾಸಕ್ತಿ ಹೆಚ್ಚಿದ್ದರೆ ಕೊಡಬಹುದಲ್ಲ ಅಂತ. ಸರಿ, ಅದು ಇದೆ, ನಾವು ಅದನ್ನ ಬಳಸಲೇಬೇಕು. ಆದರೆ ಅಲ್ಲಿರೋ ಪದ ನೋಡಿ: 'ಕೊಡಬಹುದು'. 'ಕೊಡಬೇಕು' ಅಂತ ಇಲ್ಲ. ಮೊದಲು ಅಧಿಕಾರಿ ತಾನೇ ತೂಗಿ ನೋಡಬೇಕಿತ್ತು. ಈಗ ಇಲ್ಲ ಅಂತ ಬರೆದು ಕೈ ತೊಳೆದುಕೊಂಡ್ರೆ, ತೂಗಿಸೋಕೆ ನಾವು ಮೇಲ್ಮನವಿ ಮೇಲೆ ಮೇಲ್ಮನವಿ ಹತ್ತಬೇಕು. 'ಬಹುದು'ಗಳ ಮೇಲೆ ನಮ್ಮ ಜನ ಎಷ್ಟು ವರ್ಷ ಕಾದಿದ್ದಾರೆ ಅಂತ ನಿಮಗೆ ನಾನು ಹೇಳಬೇಕಾ?

ಇದರಲ್ಲಿ ಇನ್ನೊಂದು ಸೂಕ್ಷ್ಮ ಇದೆ, ಗಮನಿಸಿ. ದೊಡ್ಡ ಕಂಪನಿಯ ಹೆಸರು 'ವ್ಯಕ್ತಿ'ಯದ್ದಲ್ಲ, ಅದಕ್ಕೆ ವೈಯಕ್ತಿಕ ಮಾಹಿತಿ ಅನ್ನೋ ರಕ್ಷಣೆ ಸಿಗಬಾರದು. ಆದರೆ ನಮ್ಮ ಜನ ದುಡಿಯೋದು ಎಲ್ಲಿ? ಹೌಸ್‌ಕೀಪಿಂಗ್, ಸೆಕ್ಯೂರಿಟಿ, ಕಸದ ಆಟೋ, ಒಳಚರಂಡಿ, ಕ್ಯಾಂಟೀನ್. ಇಲ್ಲಿ ಎಷ್ಟೋ ಏಜೆನ್ಸಿಗಳು ಕಂಪನಿಗಳೇ ಅಲ್ಲ, ಒಬ್ಬ ಮನುಷ್ಯನ ಹೆಸರಲ್ಲಿ ನಡೆಯೋ ಮಾಲೀಕತ್ವದ ಸಂಸ್ಥೆಗಳು. ಅವನ ಬಾಕಿ ಕೇಳಿದ್ರೆ 'ಅದು ಅವರ ವೈಯಕ್ತಿಕ ಮಾಹಿತಿ' ಅನ್ನೋದು ಈಗ ಬಹಳ ಸುಲಭ. ಎಲ್ಲಿ ಮೋಸ ಜಾಸ್ತಿಯೋ ಅಲ್ಲೇ ಪರದೆ ದಪ್ಪ.

ಇನ್ನು ಖಾಸಗಿತನದ ಬಗ್ಗೆ. ನನ್ನನ್ನ ತಪ್ಪು ತಿಳಿಯಬೇಡಿ, ನಾನು ಖಾಸಗಿತನದ ವಿರೋಧಿ ಅಲ್ಲ. ಅದನ್ನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಹೇಳಿದ್ರಲ್ಲ, ಆ ಕೇಸು ಹಾಕಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು. ಹೆಮ್ಮೆಯ ವಿಷಯ. ಚಿಕ್ಕಮ್ಮನ ಖಾತೆಯಲ್ಲಿ ಎಷ್ಟು ದುಡ್ಡಿದೆ ಅಂತ ಬೀದಿಯ ಮೀಟರ್ ಬಡ್ಡಿಯವನಿಗೆ ಗೊತ್ತಾಗಬಾರದು. ಅವರ ಬ್ಯಾಂಕ್ ನಂಬರ್, ವಿಳಾಸ, ಆಧಾರ್ ಯಾರಿಗೂ ಸಿಗಬಾರದು. ಯೂನಿಯನ್ ಸೇರಿದ ಕಾರ್ಮಿಕರ ಪಟ್ಟಿ ಮಾಲೀಕನ ಕೈಗೆ ಹೋಗಬಾರದು. ಇದೆಲ್ಲ ಬೇಕು. ನಮಗೇ ಹೆಚ್ಚು ಬೇಕು.

ಆದರೆ ಈ ದೇಶದಲ್ಲಿ ಖಾಸಗಿತನ ಯಾರಿಗೆ ಸಿಕ್ಕಿದೆ ಹೇಳಿ? ಸೌಲಭ್ಯ ಪಡೆದ ನಮ್ಮವರ ಹೆಸರು, ಜಾತಿ ಸಮೇತ, ಪಂಚಾಯ್ತಿ ಗೋಡೆ ಮೇಲೆ ಅಂಟಿಸ್ತಾರೆ. ವಿದ್ಯಾರ್ಥಿವೇತನದ ಪಟ್ಟಿಯನ್ನ ತರಗತಿಯಲ್ಲಿ ಎದ್ದು ನಿಲ್ಲಿಸಿ ಓದಿದ್ದನ್ನ ನಾನೇ ಅನುಭವಿಸಿದ್ದೀನಿ. ಆಗ ಯಾರಿಗೂ ಖಾಸಗಿತನ ನೆನಪಾಗಲಿಲ್ಲ. ನಮ್ಮ ಜಾತಿ ಗೋಡೆ ಮೇಲೆ, ಮಾಲೀಕನ ಬಾಕಿ ಬೀರುವಿನ ಒಳಗೆ. ಇದು ಯಾವ ನ್ಯಾಯ?

ಹಾಗಾಗಿ ಮೂರು ಗುಂಪು ಮಾಡಿ ನೋಡೋಣ.

ಒಂದು, ಕಾರ್ಮಿಕರ ಸ್ವಂತ ಖಾತೆಯ ಮಾಹಿತಿ. ಅದು ಅವರಿಗೆ ಸಿಗಲೇಬೇಕು, ಬೇರೆಯವರಿಗೆ ಬೇಡ.

ಎರಡು, ಬೇರೆ ಕಾರ್ಮಿಕರ ವಿವರ. ಅದನ್ನ ಮುಚ್ಚಲಿ. ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 10 ಇರೋದೇ ಅದಕ್ಕೆ. ಮುಚ್ಚಬೇಕಾದ್ದನ್ನ ಕಪ್ಪು ಬಳಿದು, ಉಳಿದದ್ದನ್ನ ಕೊಡಿ ಅನ್ನುತ್ತೆ ಅದು. ಒಂದು ಕಾಲಂ ಮುಚ್ಚೋಕೆ ಇಡೀ ಕಡತ ಮುಚ್ಚಬೇಡಿ.

ಮೂರು, ಮಾಲೀಕ ಕಾನೂನು ಪಾಲಿಸಿದನಾ ಇಲ್ಲವಾ, ಪಾಲಿಸದಿದ್ದರೆ ಕಚೇರಿ ಏನು ಮಾಡ್ತು ಅನ್ನೋದು. ಇದು ಯಾರ ವೈಯಕ್ತಿಕ ವಿಷಯವೂ ಅಲ್ಲ. ಯಾವ ವ್ಯಾಪಾರದ ಗುಟ್ಟೂ ಅಲ್ಲ. ಕಾನೂನು ಪ್ರಕಾರ ಕಟ್ಟಲೇಬೇಕಾದ ದುಡ್ಡು ಕಟ್ಟಿದೆಯಾ ಅನ್ನೋದು ಹೇಗ್ರೀ ವ್ಯಾಪಾರದ ಗುಟ್ಟಾಗುತ್ತೆ? ಕಟ್ಟದೇ ಇರೋದೇ ಅವರ ವ್ಯಾಪಾರ ಅನ್ನೋದಾದರೆ ಬೇರೆ ಮಾತು.

ಇದರಲ್ಲಿ ಒಂದು ತಮಾಷೆ ಇದೆ. ಪಿಎಫ್ ಸಂಸ್ಥೆಯ ವೆಬ್‌ಸೈಟಿನಲ್ಲಿ ಸಂಸ್ಥೆಗಳನ್ನ ಹುಡುಕೋ ಪುಟ ಒಂದಿದೆ. ಸಂಸ್ಥೆಯ ಹೆಸರೋ ಕೋಡೋ ಹಾಕಿದ್ರೆ ಯಾವ ತಿಂಗಳು ಎಷ್ಟು ಜನಕ್ಕೆ ಎಷ್ಟು ಕಟ್ಟಿದ್ದಾರೆ ಅಂತ ತೋರಿಸುತ್ತೆ. ಅಂದ್ರೆ ಕಟ್ಟಿದ್ದನ್ನ ಅವರೇ ಜಗತ್ತಿಗೆಲ್ಲ ತೋರಿಸ್ತಾರೆ. ಕಟ್ಟದೇ ಇದ್ದದ್ದನ್ನ ಕೇಳಿದ್ರೆ ಮಾತ್ರ ಗೌಪ್ಯ!

'ನಿಯಂತ್ರಕರ ಕೈಗೆ ಸಂಸ್ಥೆಗಳು ನಂಬಿ ಕೊಟ್ಟ ಮಾಹಿತಿ, ಹೊರಗೆ ಬಿಡೋಕಾಗಲ್ಲ' ಅನ್ನೋದು ಇನ್ನೊಂದು ಹಳೆ ರಾಗ, 8(1)(ಇ). ಇದಕ್ಕೆ ಸುಪ್ರೀಂ ಕೋರ್ಟ್ 2015ರ ಡಿಸೆಂಬರ್ 16ರಂದೇ ಉತ್ತರ ಕೊಟ್ಟಿದೆ. ರಿಸರ್ವ್ ಬ್ಯಾಂಕ್ ವಿರುದ್ಧ ಜಯಂತಿಲಾಲ್ ಮಿಸ್ತ್ರಿ ಪ್ರಕರಣ. ಬ್ಯಾಂಕುಗಳ ತಪಾಸಣಾ ವರದಿ ಕೇಳಿದ್ದಕ್ಕೆ ರಿಸರ್ವ್ ಬ್ಯಾಂಕ್ ಇದೇ ರಾಗ ಹಾಡಿತ್ತು. ಕಾನೂನಿನ ಬಲದಿಂದ ಪಡೆಯೋ ಮಾಹಿತಿ ನಂಬಿಕೆಯ ಸಂಬಂಧದ್ದಲ್ಲ, ನಿಯಂತ್ರಕ ಕಾಯಬೇಕಾದ್ದು ಜನರ ಹಿತವನ್ನ, ಬ್ಯಾಂಕುಗಳ ಹಿತವನ್ನಲ್ಲ ಅನ್ನೋದು ಆ ತೀರ್ಪಿನ ತಿರುಳು. ಬ್ಯಾಂಕುಗಳಿಗೇ ಇಲ್ಲದ ಗುಟ್ಟು ಹೌಸ್‌ಕೀಪಿಂಗ್ ಏಜೆನ್ಸಿಗೆ ಎಲ್ಲಿಂದ ಬಂತು? ಪಿಎಫ್ ಇನ್‌ಸ್ಪೆಕ್ಟರ್ 1952ರ ಕಾಯ್ದೆಯ ಸೆಕ್ಷನ್ 13ರಲ್ಲಿ ಯಾವ ರಿಜಿಸ್ಟರ್ ಬೇಕಾದರೂ ಕೇಳಬಹುದಿತ್ತು. ಸರ್ಕಾರಿ ಪ್ರಾಧಿಕಾರ ಬೇರೆ ಕಾನೂನಿನಲ್ಲಿ ಖಾಸಗಿಯವರಿಂದ ಪಡೆಯಬಹುದಾದ ಮಾಹಿತಿಯೂ 'ಮಾಹಿತಿ'ಯೇ ಅಂತ ಮಾಹಿತಿ ಹಕ್ಕು ಕಾಯ್ದೆಯ 2(ಎಫ್) ಹೇಳುತ್ತೆ.

ಆ 'ವಿಚಾರಣೆ ನಡೀತಿದೆ' ಅನ್ನೋದಕ್ಕೂ ಉತ್ತರ ಇದೆ. ವಿಚಾರಣೆ ಇದೆ ಅನ್ನೋದೊಂದೇ ಕಾರಣ ಆಗಲ್ಲ, ಮಾಹಿತಿ ಕೊಟ್ಟರೆ ಅದಕ್ಕೆ ಹೇಗೆ ಅಡ್ಡಿ ಅಂತ ತೋರಿಸಬೇಕು ಅಂತ ದೆಹಲಿ ಹೈಕೋರ್ಟ್ 2007ರಲ್ಲೇ ಭಗತ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಕಾರ್ಮಿಕರಿಗೆ ಮಾಹಿತಿ ಕೊಟ್ಟರೆ 7ಎ ವಿಚಾರಣೆಗೆ ಅಡ್ಡಿ ಹೇಗೆ? ಬಲ ಬರುತ್ತೆ.

ಬ್ರಿಟನ್ನಿನಲ್ಲಿ ಪರಿಸ್ಥಿತಿ ಇನ್ನೂ ಬಿಗಿ. ಅಲ್ಲಿ ಕೆಲಸದ ಪಿಂಚಣಿ ನೋಡಿಕೊಳ್ಳೋ ನಿಯಂತ್ರಕ ಸಂಸ್ಥೆ ಒಂದಿದೆ. ಅದು ತನ್ನ ಕೆಲಸದಲ್ಲಿ ಪಡೆದ ಸಂಸ್ಥೆಗಳ ವಿವರವನ್ನ ಕಾನೂನು ಬಿಟ್ಟ ಸಂದರ್ಭಗಳ ಹೊರಗೆ, ಒಪ್ಪಿಗೆ ಇಲ್ಲದೆ ಬಹಿರಂಗ ಮಾಡಿದ್ರೆ 2004ರ ಪಿಂಚಣಿ ಕಾಯ್ದೆ ಸೆಕ್ಷನ್ 82ರಲ್ಲಿ ಅಪರಾಧ. ಅಲ್ಲಿನ ಮಾಹಿತಿ ಕಾಯ್ದೆ ಅದಕ್ಕೆ ತಲೆಬಾಗುತ್ತೆ. ನಮ್ಮಲ್ಲಿ ಹಾಗಿಲ್ಲ. ನಮ್ಮ ಕಾಯ್ದೆಯ ಸೆಕ್ಷನ್ 22, ಬೇರೆ ಕಾನೂನು ಏನೇ ಹೇಳಲಿ ಇದೇ ಮೇಲು ಅನ್ನುತ್ತೆ. ಇಂಗ್ಲೆಂಡಿನವರಿಗೂ ಇಲ್ಲದ ಅಸ್ತ್ರ ನಮ್ಮ ಕೈಲಿತ್ತು. ಅದಕ್ಕೇ ಅದರ ಮೊನೆಯನ್ನ ಒಳಗಿಂದಲೇ ಮುರಿದ್ರು.

ಈ ಕಾಯ್ದೆ ಹುಟ್ಟಿದ್ದು ಹೇಗೆ ಅಂತ ಹೊಸ ಹುಡುಗರಿಗೆ ಹೇಳಬೇಕು. 1990ರ ದಶಕದಲ್ಲಿ ರಾಜಸ್ಥಾನದ ಹಳ್ಳಿಗಳಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಜನಸುನ್‌ವಾಯಿ ನಡೆಸಿದ್ರು. ಕೂಲಿ ಪಟ್ಟಿಯನ್ನ ಊರ ಮಧ್ಯೆ ಗಟ್ಟಿಯಾಗಿ ಓದಿದ್ರು. ಸತ್ತವರ ಹೆಸರು ಬಂತು, ಊರಲ್ಲೇ ಇಲ್ಲದವರ ಹೆಸರು ಬಂತು. ಜನ ಎದ್ದು ನಿಂತು 'ಇದು ಸುಳ್ಳು' ಅಂದ್ರು. ನಮ್ಮ ಕರ್ನಾಟಕ 2000ದಲ್ಲೇ ತನ್ನದೊಂದು ಮಾಹಿತಿ ಹಕ್ಕು ಕಾಯ್ದೆ ಮಾಡಿತ್ತು, ದೇಶದ್ದು ಬಂದದ್ದು 2005ರಲ್ಲಿ. ಹೆಸರು ಓದಿ ಹುಟ್ಟಿದ ಕಾಯ್ದೆಗೆ ಈಗ ಹೆಸರೇ ನಿಷಿದ್ಧ.

ನಮ್ಮ ಕೆ.ಆರ್.ಪುರದ್ದೇ ಒಂದು ಉದಾಹರಣೆ ನೋಡಿ. 2024ರ ಡಿಸೆಂಬರ್‌ನಲ್ಲಿ ಇಲ್ಲಿನ ಪಿಎಫ್ ಪ್ರಾದೇಶಿಕ ಆಯುಕ್ತರು ಪುಲಕೇಶಿನಗರ ಪೊಲೀಸರಿಗೆ ಬರೆದ ಪತ್ರ ದೇಶದ ಟಿವಿಗಳಲ್ಲೆಲ್ಲ ಬಂತು. ಬಟ್ಟೆ ಕಂಪನಿಯೊಂದರ ಪಿಎಫ್ ಬಾಕಿ 23 ಲಕ್ಷಕ್ಕೂ ಹೆಚ್ಚು, ಅದಕ್ಕಾಗಿ ಮಾಜಿ ಕ್ರಿಕೆಟಿಗ ರಾಬಿನ್ ಉತ್ತಪ್ಪ ಅವರ ಮೇಲೆ ವಾರಂಟ್. ದಿನನಿತ್ಯದ ಆಡಳಿತದಲ್ಲಿ ತಾನಿರಲಿಲ್ಲ ಅಂತ ಉತ್ತಪ್ಪ ಹೇಳಿದ್ರು. ಡಿಸೆಂಬರ್ 31ರಂದು ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಯಾರು ಸರಿ ಅನ್ನೋದು ನನ್ನ ವಿಷಯ ಅಲ್ಲ, ಅದು ಕೋರ್ಟಿನ ಕೆಲಸ. ನನ್ನ ವಿಷಯ ಇಷ್ಟೇ. ಕಂಪನಿಯ ಹೆಸರು, ಬಾಕಿ ಮೊತ್ತ, ಆಯುಕ್ತರ ಪತ್ರ ಎಲ್ಲ ಬಹಿರಂಗ ಆಯ್ತಲ್ಲ, ಆಕಾಶವೇನಾದರೂ ಕಳಚಿ ಬಿತ್ತಾ? ಆರೋಪ ಬಂದವರು ಉತ್ತರ ಕೊಟ್ರು, ಕೋರ್ಟಿಗೆ ಹೋದ್ರು, ರಕ್ಷಣೆಯೂ ಸಿಕ್ತು. ಬೆಳಕಿದ್ದರೆ ಇಬ್ಬರಿಗೂ ನ್ಯಾಯ. ಪ್ರಸಿದ್ಧರಲ್ಲದ ಮೇಸ್ತ್ರಿಗಳ ಬಾಕಿಗೆ ಮಾತ್ರ ಕತ್ತಲೆ ಯಾಕೆ?

ಪಿಎಫ್ ಅಂದ್ರೆ ನಮ್ಮ ಜನಕ್ಕೆ ಏನು ಅಂತ ಈ ಊರು ಒಂದು ಸಲ ನೋಡಿದೆ. 2016ರ ಫೆಬ್ರವರಿ 10ರಂದು ಕೇಂದ್ರ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿತು, ಮಾಲೀಕನ ಪಾಲಿನ ದುಡ್ಡನ್ನ 58 ವರ್ಷದವರೆಗೆ ತೆಗೆಯೋ ಹಾಗಿಲ್ಲ ಅಂತ. ಏಪ್ರಿಲ್ 18, 19ರಂದು ಬೆಂಗಳೂರಿನ ಗಾರ್ಮೆಂಟ್ ಹೆಣ್ಣುಮಕ್ಕಳು ಸಾವಿರ ಸಾವಿರ ಸಂಖ್ಯೆಯಲ್ಲಿ ಬೀದಿಗೆ ಬಂದ್ರು. ಹೊಸೂರು ರಸ್ತೆ ನಿಂತುಹೋಯ್ತು. ದೊಡ್ಡ ನಾಯಕರು ಯಾರೂ ಕರೆ ಕೊಟ್ಟಿರಲಿಲ್ಲ. 19ರ ಸಂಜೆಗೆ ಸರ್ಕಾರ ಅಧಿಸೂಚನೆ ವಾಪಸ್ ತಗೊಳ್ತು. ಮಗಳ ಮದುವೆ, ಮಗನ ಫೀಸು, ಗಂಡನ ಆಸ್ಪತ್ರೆ ಖರ್ಚು ಎಲ್ಲ ಆ ದುಡ್ಡಿನಲ್ಲಿ ಕೂತಿರುತ್ತೆ. ಅದಕ್ಕೇ ಆ ಸಿಟ್ಟು.

ಈಗ ಯಾಕೆ ಅವಸರ ಅಂದ್ರೆ, ಮಾಹಿತಿ ಹಕ್ಕಿಗೆ ಕತ್ತರಿ ಬಿದ್ದ ಒಂದೇ ವಾರಕ್ಕೆ, 2025ರ ನವೆಂಬರ್ 21ರಂದು, ನಾಲ್ಕು ಕಾರ್ಮಿಕ ಸಂಹಿತೆಗಳನ್ನ ಜಾರಿ ಮಾಡಿದ್ರು. ಅದರಲ್ಲಿ ಸಾಮಾಜಿಕ ಭದ್ರತಾ ಸಂಹಿತೆಯೂ ಒಂದು. ಹಳೆ ಪಿಎಫ್ ಕಾಯ್ದೆಯಲ್ಲಿ 7ಎ ವಿಚಾರಣೆ ಶುರು ಮಾಡೋಕೆ ಕಾಲಮಿತಿ ಇರಲಿಲ್ಲ. ಹೊಸ ಸಂಹಿತೆಯ ಸೆಕ್ಷನ್ 125 ಐದು ವರ್ಷದ ಗಡಿ ಹಾಕಿದೆ. ವಿಚಾರಣೆಯನ್ನ ಎರಡು ವರ್ಷದಲ್ಲಿ ಮುಗಿಸಬೇಕು ಅನ್ನೋದೂ ಅದರಲ್ಲಿದೆ, ಅದು ಒಳ್ಳೇದು. ಆದರೆ ಎರಡನ್ನೂ ಒಟ್ಟಿಗೆ ಇಟ್ಟು ನೋಡಿ. ಒಂದು ಕೈಯಲ್ಲಿ ಮಾಹಿತಿ ಮುಚ್ಚೋದು, ಇನ್ನೊಂದು ಕೈಯಲ್ಲಿ ಗಡಿಯಾರ ಓಡಿಸೋದು. ದುಡ್ಡು ಹೋಗಿದೆ ಅಂತ ಗೊತ್ತಾಗೋ ಹೊತ್ತಿಗೆ ಗಡುವು ಮುಗಿದಿರುತ್ತೆ. ಎರಡನೇ ಮೇಲ್ಮನವಿಗೆ ದೆಹಲಿಯ ಆಯೋಗದಲ್ಲಿ ತಿಂಗಳುಗಟ್ಟಲೆ ಕಾಯಬೇಕು. ಆ ಕಾಯೋ ಒಂದೊಂದು ತಿಂಗಳೂ ಯಾರದೋ ಪಿಂಚಣಿಯ ಒಂದು ತಿಂಗಳು.

ಈ ಕೆಲಸಗಳಲ್ಲಿ ಯಾರಿದ್ದಾರೆ ಅಂತ ಬೇರೆ ಹೇಳಬೇಕಿಲ್ಲ. ಬೆಂಗಳೂರಿನ ಪೌರಕಾರ್ಮಿಕರಲ್ಲಿ ಬಹುಪಾಲು ನಮ್ಮ ಹೆಣ್ಣುಮಕ್ಕಳೇ. 1970ರ ದಶಕದಲ್ಲಿ ಐ.ಪಿ.ಡಿ. ಸಾಲಪ್ಪ ಸಮಿತಿ ವರದಿ ಕೊಟ್ಟಾಗಿಂದ ಹೋರಾಡಿ ಹೋರಾಡಿ, 2017ರಲ್ಲಿ ಗುತ್ತಿಗೆದಾರರನ್ನ ದಾಟಿ ನೇರ ಪಾವತಿ ಪಡೆದ್ರು, ಆಮೇಲೆ ಕಾಯಂ ಆದೇಶದವರೆಗೂ ಬಂದ್ರು. ಆ ಹೋರಾಟದ ಉದ್ದಕ್ಕೂ ಕೈಯಲ್ಲಿದ್ದ ಆಯುಧ ಕಾಗದ. ಹಾಜರಿ ಪುಸ್ತಕ, ಚಲನ್, ಬಿಲ್ಲು. ಕಾಗದ ಕೇಳೋ ಹಕ್ಕು ಹೋದ್ರೆ ಖಾಸಗಿ ಟೆಕ್ ಪಾರ್ಕಿನ ಒಳಗೆ ಇರೋರು ಯಾವುದನ್ನ ಹಿಡಿದು ಹೋರಾಡಬೇಕು? 1942ರಿಂದ 46ರವರೆಗೆ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಂಡವರು ಬಾಬಾಸಾಹೇಬರು. ಕಾರ್ಮಿಕನ ಹಕ್ಕು ಮಾಲೀಕನ ದಯೆ ಅಲ್ಲ ಅಂತ ನಮಗೆ ಕಲಿಸಿದವರು ಅವರು.

ಬರೀ ಬೈದು ಪ್ರಯೋಜನ ಇಲ್ಲ. ಕೈಲಿರೋದನ್ನ ಬಳಸೋಣ. ನನ್ನ ಅನುಭವದಿಂದ ಕೆಲವು ಮಾತು. ಅರ್ಜಿ ಹಾಕೋರು ಸೇವ್ ಮಾಡಿಟ್ಟುಕೊಳ್ಳಿ:

1. ವ್ಯಕ್ತಿಯ ಹೆಸರಲ್ಲಿ ಕೇಳಬೇಡಿ, ಸಂಸ್ಥೆಯ ಪಿಎಫ್ ಕೋಡ್ ನಂಬರಿನಲ್ಲಿ ಕೇಳಿ. ಸಂಬಳದ ಚೀಟಿಯಲ್ಲಿ ಇರುತ್ತೆ.

2. ತಿಂಗಳವಾರು ಕಾರ್ಮಿಕರ ಸಂಖ್ಯೆ, ಕಟ್ಟಿದ ಮೊತ್ತ, 7ಎ ಶುರುವಾದ ದಿನಾಂಕ, ಆದೇಶದ ಪ್ರತಿ, 14ಬಿ ದಂಡ, 7ಕ್ಯೂ ಬಡ್ಡಿ, ವಸೂಲಾದ ಮೊತ್ತ ಕೇಳಿ. ಇದು ಯಾವುದೂ ಯಾರ ವೈಯಕ್ತಿಕ ವಿಷಯ ಅಲ್ಲ.

3. ಅರ್ಜಿಯಲ್ಲೇ ಬರೆಯಿರಿ: ವೈಯಕ್ತಿಕ ವಿವರ ಇದ್ದರೆ ಸೆಕ್ಷನ್ 10ರಂತೆ ಅದನ್ನಷ್ಟೇ ಮುಚ್ಚಿ ಉಳಿದದ್ದು ಕೊಡಿ, ಸೆಕ್ಷನ್ 8(2)ರಂತೆ ಸಾರ್ವಜನಿಕ ಹಿತಾಸಕ್ತಿ ಇಂಥದ್ದು ಅಂತ. ಅಧಿಕಾರಿ ತೂಗಲ್ಲ ಅಂದ್ರೆ ನಾವೇ ತಕ್ಕಡಿ ತಗೊಂಡು ಹೋಗೋಣ.

4. ಒಬ್ಬರೇ ಹಾಕಬೇಡಿ. ಅದೇ ಏಜೆನ್ಸಿಯ ಹತ್ತಿಪ್ಪತ್ತು ಜನ ತಮ್ಮ ತಮ್ಮ ಮಾಹಿತಿಯನ್ನ ತಾವೇ ಕೇಳಲಿ. ಸ್ವಂತ ಮಾಹಿತಿಗೆ ಮೂರನೇ ವ್ಯಕ್ತಿ ಅನ್ನೋಕಾಗಲ್ಲ. ಹತ್ತು ಪಾಸ್‌ಬುಕ್ ಪಕ್ಕ ಪಕ್ಕ ಇಟ್ಟರೆ ಕದ್ದ ತಿಂಗಳುಗಳು ತಾವೇ ಎದ್ದು ಕಾಣುತ್ತವೆ.

5. ಗುತ್ತಿಗೆ ಕೊಟ್ಟ ಮುಖ್ಯ ಮಾಲೀಕ ಸರ್ಕಾರಿ ಸಂಸ್ಥೆ ಆಗಿದ್ದರೆ ಅಲ್ಲೂ ಅರ್ಜಿ ಹಾಕಿ. ಗುತ್ತಿಗೆದಾರ ಬಿಲ್ಲಿನ ಜೊತೆ ಕೊಟ್ಟ ಪಿಎಫ್ ಚಲನ್ ಪ್ರತಿ ಕೇಳಿ. ಗುತ್ತಿಗೆ ಕಾರ್ಮಿಕರ ಪಿಎಫ್‌ಗೆ ಮುಖ್ಯ ಮಾಲೀಕನೂ ಹೊಣೆ.

6. ಸಂಬಳದಿಂದ ಕಿತ್ತು ಕಟ್ಟದೇ ಇರೋದು ಬರೀ ಬಾಕಿ ಅಲ್ಲ, ನಂಬಿಕೆ ದ್ರೋಹದ ಅಪರಾಧ. ಮೊದಲು ಐಪಿಸಿ 406, ಈಗ ಭಾರತೀಯ ನ್ಯಾಯ ಸಂಹಿತೆ 316.

7. ಸಂಬಳದ ಚೀಟಿ ಎಸೆಯಬೇಡಿ. ಫೋಟೋ ತೆಗೆದು ಮಕ್ಕಳ ಫೋನಿಗೆ ಕಳಿಸಿಡಿ.

ನಮ್ಮ ಬೇಡಿಕೆ ಎರಡೇ. 8(1)(ಜೆ) ಹಳೆ ರೂಪ ವಾಪಸ್ ಬರಬೇಕು. ಪಿಎಫ್ ಬಾಕಿ, 7ಎ ಆದೇಶ, ವಸೂಲಿ ವಿವರವನ್ನ ಯಾರೂ ಕೇಳದೆಯೇ ಸೆಕ್ಷನ್ 4ರಂತೆ ಕನ್ನಡದಲ್ಲಿ ಕಚೇರಿಯ ಫಲಕದ ಮೇಲೂ ವೆಬ್‌ಸೈಟಿನಲ್ಲೂ ಹಾಕಬೇಕು. ಬಡವರ ಪಟ್ಟಿ ಅಂಟಿಸೋ ಗೋಡೆ ಮೇಲೆ ಬಾಕಿದಾರರ ಪಟ್ಟಿಗೂ ಸ್ವಲ್ಪ ಜಾಗ ಇರುತ್ತೆ.

ಎರಡನೇ ಮೇಲ್ಮನವಿ ಹಾಕಿದ್ದೀನಿ. ನನ್ನ ಅರ್ಜಿ ನವೆಂಬರ್ 14ಕ್ಕಿಂತ ಮೊದಲಿನದು, ಹಳೆ ಕಾನೂನಿನಲ್ಲೇ ತೀರ್ಮಾನ ಆಗಬೇಕು ಅನ್ನೋದೂ ಅದರಲ್ಲಿದೆ. ಏನಾಗುತ್ತೋ ನೋಡೋಣ, ಬಂದದ್ದನ್ನ ಇಲ್ಲೇ ಹಾಕ್ತೀನಿ.

ನಿನ್ನೆ ಸಂಜೆ ಚಿಕ್ಕಮ್ಮನಿಗೆ ಡಿಸೆಂಬರ್ ಆದೇಶ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಒಂದೇ ಮಾತು ಕೇಳಿದ್ರು: "ಹನ್ನೊಂದು ವರ್ಷ ಅವರ ಬಾಗಿಲೆಲ್ಲ ನಾನೇ ತೆಗೆದು ಒಳಗೆ ಹೋಗಿ ತೊಳೆದಿದ್ದೀನಿ. ಈಗ ನನ್ನ ದುಡ್ಡಿನ ಬಾಗಿಲಿಗೆ ಬೀಗ ಹಾಕಿದೋರು ಯಾರು ಮಗಾ?"

ಉತ್ತರ ನನ್ನ ಹತ್ತಿರ ಇರಲಿಲ್ಲ. ನಿಮ್ಮ ಮನೆಯಲ್ಲೂ ಇಂಥ ಪಾಸ್‌ಬುಕ್ ಇದ್ದರೆ ಇವತ್ತೇ ತೆಗೆದು ತಿಂಗಳು ಎಣಿಸಿ. ಕಡಿಮೆ ಇದ್ದರೆ ಇನ್‌ಬಾಕ್ಸಿನಲ್ಲಿ ಬರೆಯಿರಿ, ಕೂತು ಅರ್ಜಿ ಬರೆಯೋಣ. ನಿಮ್ಮ ನಂಬರ್, ಖಾತೆ ವಿವರ ಮಾತ್ರ ಕಾಮೆಂಟಿನಲ್ಲಿ ಹಾಕಬೇಡಿ. ಅದು ನಿಜವಾಗಲೂ ಗೌಪ್ಯ.

ಜೈ ಭೀಮ್.